ಪರದೆಯ ಮೇಲೆ ಕಂಡ ಹದಿನೇಳನೆಯ ಕೈ

ಮಾನ್ಯ ಅಧ್ಯಕ್ಷರಿಗೆ,
ನಮ್ಮ ವಾರ್ಡಿನ ಪಕ್ಷದ ಘಟಕ,
ಸೈಕಲ್ ರಿಪೇರಿ ಅಂಗಡಿಯ ಮಹಡಿ.

ವಿಷಯ: ನನ್ನನ್ನು ಕೇಳದೆ ನನ್ನ ಕೈ ಹಾಕಿದ ಮತವನ್ನು ವಾಪಸು ಕೊಡಿಸುವ ಬಗ್ಗೆ.

ಮಾನ್ಯರೇ,

ತಮಗೂ, ತಮ್ಮ ಕಾರ್ಯದರ್ಶಿಯವರಿಗೂ, ಘಟಕದಲ್ಲಿ ಮತ ಹಾಕಿದ ಹದಿನಾರು ಸದಸ್ಯರಿಗೂ, ಅವರ ಮೂವತ್ತೆರಡು ಕೈಗಳಿಗೂ ಈ ಪೇಂಟರನ ಅನಂತಾನಂತ ನಮಸ್ಕಾರಗಳು. ನಮಸ್ಕಾರವನ್ನು ಎದುರಿಗೇ ಬಂದು ಮಾಡುವುದು ಮರ್ಯಾದೆ. ಆದರೆ ತಮ್ಮ ಕಚೇರಿಯಲ್ಲಿ ಕೈ ಮೇಲೆತ್ತಿದರೆ ಏನಾಗುತ್ತದೆ ಎಂದು ಈಗ ನನಗೆ ಚೆನ್ನಾಗಿ ಗೊತ್ತಾಗಿರುವುದರಿಂದ ಕಾಗದದ ಮೇಲೆಯೇ ಮಾಡುತ್ತಿದ್ದೇನೆ. ದಯವಿಟ್ಟು ಇದನ್ನು ಯಾರ ಲೆಕ್ಕಕ್ಕೂ ಸೇರಿಸಬಾರದು.

ನಾನು ಯಾರೆಂದು ತಮಗೆ ಥಟ್ಟನೆ ಹೊಳೆಯಲಿಕ್ಕಿಲ್ಲ. ಅಭ್ಯರ್ಥಿಯ ಫೋಟೊ ತೆಗೆಸುವಷ್ಟರಲ್ಲಿ ಚಾವಣಿ ಬೆಳ್ಳಗಾಗಬೇಕೆಂದು ತಾವೇ ಕರೆಸಿದ ಪೇಂಟರ್ ನಾನು. ನಡುನಡುವೆ ಬಿಟ್ಟು ಒಟ್ಟು ಮೂರು ದಿನ ತಮ್ಮ ಕಚೇರಿಯಲ್ಲಿದ್ದೆ. ಕುಡಿಯುವ ನೀರು ಎಲ್ಲಿದೆ ಎಂದು ಐದು ಸಲ ಕೇಳಿದೆ, ಯಾರಿಗೂ ಕೇಳಿಸಲಿಲ್ಲ. ಬಣ್ಣದ ವಾಸನೆಗೆ ತಲೆ ಸುತ್ತುತ್ತಿದೆ, ಒಂದು ಕಿಟಕಿಯಾದರೂ ತೆಗೆಯಿರಿ ಎಂದೆ, ಯಾರೂ ತಿರುಗಿ ನೋಡಲಿಲ್ಲ. ಅಂಥ ನನ್ನನ್ನು ತಮ್ಮ ಘಟಕ ಒಂದೇ ಒಂದು ಸಲ ಗಮನಿಸಿತು, ಮತ್ತು ಆ ಒಂದು ಸಲದಲ್ಲಿ ನನ್ನ ಕೈಯಿಂದಲೇ ಈ ವಾರ್ಡಿನ ಅಭ್ಯರ್ಥಿಯನ್ನು ಆರಿಸಿ ಮುಗಿಸಿತು. ಇಂಥ ಗೌರವವನ್ನು ನಮ್ಮ ಕಸುಬಿನವರು ಹಿಂದೆ ಯಾರೂ ಕಂಡಿಲ್ಲ.

ಈ ಪತ್ರವನ್ನು ಕೆಳಗಿನ ಸೈಕಲ್ ಅಂಗಡಿಯ ಷಟರಿಗೆ ಅಂಟಿಸುತ್ತಿರುವುದರಿಂದ, ಪಂಕ್ಚರ್ ಹಾಕಿಸಲು ಬಂದು ಓದುವವರಿಗೂ ತಿಳಿಯಲೆಂದು ತಮ್ಮ ಘಟಕದ ಪದ್ಧತಿಯನ್ನು ಎರಡು ಮಾತಿನಲ್ಲಿ ಕೊಂಡಾಡುತ್ತೇನೆ. ಬಹಳ ವರ್ಷಗಳ ಹಿಂದೆ, ಯಾರು ಯಾರಿಗೆ ಕೈ ಎತ್ತಿದರೆಂದು ನೋಡಿಟ್ಟುಕೊಂಡ ಇಬ್ಬರು ಸದಸ್ಯರು, ಎದುರುಬದುರು ಅಂಗಡಿಯವರು, ಆರು ವರ್ಷ ಮಾತು ಬಿಟ್ಟಿದ್ದರಂತೆ. ಅಂದಿನಿಂದ ಮುಖ ನೋಡಿ ಮಣೆ ಹಾಕುವುದು ಬೇಡವೆಂದು ಕಿಟಕಿಯ ಸರಳಿನಿಂದ ಗಡಿಯಾರದ ಮೊಳೆಯವರೆಗೆ ಹಗ್ಗ ಕಟ್ಟಿ ಪರದೆ ಇಳಿಬಿಡುತ್ತೀರಿ. ಸದಸ್ಯರು ಪರದೆಯ ಆಚೆ ತಲೆ ತಗ್ಗಿಸಿ ನಿಂತು ಕೈ ಎತ್ತುತ್ತಾರೆ. ಅಂಚೆ ಕಚೇರಿಯಿಂದ ನಿವೃತ್ತರಾದ ಕಾರ್ಯದರ್ಶಿಯವರು ಈಚೆ ಕುರ್ಚಿಯಲ್ಲಿ ಕೂತು, ಪರದೆಯ ಮೇಲಂಚಿನಲ್ಲಿ ಕಾಣುವ ಕೈಗಳನ್ನಷ್ಟೇ ಎಣಿಸುತ್ತಾರೆ. ಉಂಗುರ, ಕೈಗಡಿಯಾರಗಳಿಂದ ಗುರುತು ಹತ್ತೀತೆಂದು ಅವರು ಕನ್ನಡಕ ತೆಗೆದಿಡುತ್ತಾರೆ. ಅಧ್ಯಕ್ಷರಾದ ತಾವು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿಕೊಳ್ಳುತ್ತೀರಿ. ಇಷ್ಟು ನಿಷ್ಪಕ್ಷಪಾತವಾದ ಪಕ್ಷವನ್ನು ನಾನು ಎಲ್ಲಿಯೂ ನೋಡಿಲ್ಲ.

ಅಭ್ಯರ್ಥಿಯನ್ನು ಆರಿಸುವ ಸಭೆ ಇದ್ದದ್ದು ಶನಿವಾರ. ಅದನ್ನು ನನ್ನ ಕೆಲಸದ ದಿನವಾದ ಗುರುವಾರಕ್ಕೆ ಎಳೆದುಕೊಂಡಿರಿ. ನಾನು ಪರದೆಯ ಆಚೆ, ಸದಸ್ಯರ ಹಿಂದಿನ ಮೂಲೆಯಲ್ಲಿದ್ದೆ. ಅಲ್ಲಿ ಚಾವಣಿ ಇಳಿಜಾರಾಗಿ ತಗ್ಗಿರುವುದರಿಂದ ಏಣಿಯ ಮೊದಲ ಮೆಟ್ಟಿಲೇ ಸಾಕು. ಸಭೆ ಮುಗಿದ ಮೇಲೆ ಬರಲೇ ಎಂದು ಕೇಳಿದ್ದಕ್ಕೆ ತಾವು, "ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ, ನಮ್ಮ ಪಾಡಿಗೆ ನಾವು ಮಾಡ್ತೀವಿ" ಅಂದಿರಿ. ನಾನು ಮಾಡಿದೆ. ಕಾರ್ಯದರ್ಶಿಯವರು ಮೊದಲನೆಯ ಹೆಸರು ಕೂಗಿದಾಗ ನಾನು ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಬಕೆಟ್ಟಿನಲ್ಲಿ ಬಣ್ಣ ಕಲಸುತ್ತಿದ್ದೆ. ಎರಡನೆಯ ಹೆಸರು ಕೂಗುವ ಹೊತ್ತಿಗೆ ಮೆಟ್ಟಿಲೇರಿ, ನಾಲ್ಕಿಂಚಿನ ಬ್ರಶ್ ಹಿಡಿದು, ಚಾವಣಿಯ ಅಂಚು ತೀಡುತ್ತಿದ್ದೆ. ಮೊದಲನೆಯ ಹೆಸರಿಗೆ ಎಂಟು ಕೈ ಬಂದವು. ಎರಡನೆಯದಕ್ಕೆ ಒಂಬತ್ತು.

ಮಾನ್ಯರೇ, ಪರದೆಯ ಆಚೆ ಇದ್ದದ್ದು ಹದಿನಾರು ಕುರ್ಚಿ. ಎಂಟಕ್ಕೆ ಒಂಬತ್ತು ಕೂಡಿಸಿದರೆ ಹದಿನೇಳು. ಇದು ಕಾರ್ಯದರ್ಶಿಯವರ ಗಮನಕ್ಕೂ ಬಂತು, ಮತ್ತು ಅವರು ಅದನ್ನು ತಕ್ಷಣ ಸರಿಪಡಿಸಿದರು: ಹಾಜರಿ ಪುಸ್ತಕದಲ್ಲಿ ಹದಿನಾರನ್ನು ಹೊಡೆದು ಹದಿನೇಳು ಮಾಡಿದರು. ನಡಾವಳಿಯಲ್ಲಿ ಅವರು ಬರೆದಿರುವ ಸಾಲನ್ನು ಓದಿ ನಾನು ಎಷ್ಟು ಸಂಕೋಚಪಟ್ಟೆನೆಂದರೆ ಹೇಳಲಾರೆ. "ಹಿಂದಿನ ಸಾಲಿನ ಎತ್ತರದ ಸದಸ್ಯರೊಬ್ಬರು ಕೈಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬೀಸುತ್ತ ಅಭ್ಯರ್ಥಿಗೆ ಅತ್ಯುತ್ಸಾಹದ ಬೆಂಬಲ ವ್ಯಕ್ತಪಡಿಸಿದರು." ನಾನು ಐದಡಿ ಮೂರಿಂಚು. ಉತ್ಸಾಹವೆಂದು ಅವರು ಬರೆದದ್ದು ಬಣ್ಣದ ಮೊದಲನೆಯ ಕೋಟು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಮೊದಲನೆಯ ಹೆಸರು ನನ್ನ ಅಕ್ಕನದು. ಸ್ಪರ್ಧಿಗಳು ಒಳಗಿರಬಾರದೆಂಬ ನಿಯಮದ ಪ್ರಕಾರ ಅವಳು ಹೊರಗೆ ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದಳು. ಆ ಹದಿನಾರು ಕುರ್ಚಿಗಳನ್ನು ಒರೆಸಿ ಹಾಕಿದವಳೂ ಅವಳೇ. ಹದಿನೆಂಟು ವರ್ಷಗಳಿಂದ ಹಾಕುತ್ತಿದ್ದಾಳೆ. ಯಾವ ಮನೆಯಲ್ಲಿ ಎಷ್ಟು ಮತ, ಯಾವ ಗೇಟಿನೊಳಗೆ ಕಚ್ಚುವ ನಾಯಿ, ಎಲ್ಲ ಅವಳಿಗೆ ಬಾಯಿಪಾಠ. ಮೂರನೆಯ ಅಡ್ಡರಸ್ತೆಯ ಚರಂಡಿಗೆ ಮುಚ್ಚಳ ಹಾಕಿಸಬೇಕೆಂದು ವರ್ಷಕ್ಕೊಂದರಂತೆ ಎಂಟು ವರ್ಷ ಅರ್ಜಿ ಕೊಟ್ಟು, ಒಂಬತ್ತನೆಯ ಅರ್ಜಿ ಕೊಡಲು ಹೋಗುವಾಗ ಅದೇ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಳು, ಆಮೇಲೆ ಇನ್ನು ಅರ್ಜಿ ಸಾಕು, ನಾನೇ ನಿಲ್ಲುತ್ತೇನೆ ಅಂದಳು. ತಮ್ಮ ನಿಯಮಾವಳಿಯ ಆರನೆಯ ಕಲಮನ್ನು, ಗೋಡೆ ಉಜ್ಜಲು ಅದರ ಫ್ರೇಮು ಇಳಿಸಿದಾಗ, ನಾನು ಓದಿದ್ದೇನೆ: ಮತ ಸಮ ಬಂದರೆ ಘಟಕದಲ್ಲಿ ಹೆಚ್ಚು ವರ್ಷ ದುಡಿದವರಿಗೆ ಬೆಂಬಲ. ಎಂಟಕ್ಕೆ ಎಂಟು ಬಂದಿದ್ದರೆ ಅವಳು ಅಭ್ಯರ್ಥಿ. ಅವಳ ಹೆಸರು ಕೂಗಿದಾಗ ಬಕೆಟ್ಟಿನಲ್ಲಿದ್ದ ತಮ್ಮನ ಕೈ, ಎದುರಾಳಿಯ ಹೆಸರಿಗೆ ಮೇಲೆದ್ದಿತ್ತು.

ಎದುರಾಳಿಯವರ ಬಗ್ಗೆ ನನಗೆ ಯಾವ ದ್ವೇಷವೂ ಇಲ್ಲ. ಹಾಸಿಗೆ ಅಂಗಡಿಯ ಮಾಲೀಕರು, ಬಹಳ ಮೆತ್ತಗಿನ ಮನುಷ್ಯರು. ಘಟಕಕ್ಕೆ ಸೇರಿ ಆಗಲೇ ಹನ್ನೊಂದು ದಿನಗಳಾಗಿದ್ದವು. ಈ ಸಲದ ಹೊಸ ಪರದೆಯನ್ನು, ಅಂದರೆ ನೀಲಿ ಹೂವಿನ ಆ ಡಬಲ್ ಬೆಡ್‌ಶೀಟನ್ನು, ಕೊಡುಗೆಯಾಗಿ ಕೊಟ್ಟವರೂ ಅವರೇ ಎಂಬುದು ಕೇವಲ ಕಾಕತಾಳೀಯ. ಗೆದ್ದ ಮೇಲೆ ಅವರು ಎಲ್ಲರ ಜೊತೆ ನನ್ನ ಕೈಯನ್ನೂ ಕೃತಜ್ಞತೆಯಿಂದ ಕುಲುಕಿ, "ನಿಮ್ಮ ವಾರ್ಡು ಯಾವುದು ಅಂದ್ರಿ?" ಎಂದು ಕೇಳಿದರು. ಇದೇ ವಾರ್ಡು ಅಂದೆ. ಅವರಿಗೆ ಸಂತೋಷವಾಯಿತು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ತಾವು ಕಣ್ಣು ಮುಚ್ಚಿಕೊಂಡೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿದ್ದಿರಿ, ಮತ್ತು ಅದನ್ನು ತೆರೆದ ಕಣ್ಣಿನಿಂದ ಒಮ್ಮೆಯೂ ನೋಡದೆ ಎರಡು ಸಾವಿರ ಕರಪತ್ರ ಮಾಡಿಸಿ ಮನೆಮನೆಗೆ ಹಂಚಿಸಿದಿರಿ. ನೀಲಿ ಹೂವುಗಳ ಮೇಲೆ ಒಂಬತ್ತು ಕೈ. ಎಂಟು ಖಾಲಿ, ಒಂದರಲ್ಲಿ ಬ್ರಶ್. ಕೆಳಗೆ ದಪ್ಪ ಅಕ್ಷರದಲ್ಲಿ "ಇದೇ ನಮ್ಮ ಒಗ್ಗಟ್ಟು" ಎಂದಿತ್ತು. ಅಕ್ಕ ಆ ಕರಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೆಬ್ಬೆರಳಿನ ಉಗುರು ನನ್ನದೇ. ಚಿಕ್ಕವನಿದ್ದಾಗ ಬಾಗಿಲಿಗೆ ಸಿಕ್ಕಿಸಿಕೊಂಡಿದ್ದೆ, ಅವತ್ತು ಬಟ್ಟೆ ಕಟ್ಟಿದವಳೂ ಅವಳೇ. "ನನ್ನ ಹೆಸರಿಗೆ ಕೈ ಕೆಳಗೆ, ಅವರ ಹೆಸರಿಗೆ ಕೈ ಮೇಲೆ. ಅಷ್ಟು ಕರೆಕ್ಟಾಗಿ ಹೇಗಪ್ಪ?" ಎಂದಳು.

ನನ್ನ ಮಧ್ಯಾಹ್ನದ ಊಟ ಅವಳ ಮನೆಯಲ್ಲೇ. ಈಗಲೂ ಅಲ್ಲೇ. ಆದರೆ ಅವಳು ನನ್ನ ಎದುರಿಗೇ ನಿಂತು ಭಾವನಿಗೆ ಹೇಳುತ್ತಾಳೆ: "ಆ ಪೇಂಟರಿಗೆ ಹೇಳಿ, ಊಟ ಆರಿಹೋಗತ್ತೆ ಅಂತ." ಭಾವ ನನ್ನ ಕಡೆ ತಿರುಗಿ, "ಊಟ ಆರಿಹೋಗತ್ತಂತೆ" ಎನ್ನುತ್ತಾರೆ. ನಲವತ್ತೊಂದು ವರ್ಷ ಅವಳ ತಮ್ಮನಾಗಿದ್ದವನು ಹೀಗೆ ಬರೀ ಪೇಂಟರಾಗಿ ಊಟ ಮಾಡುವುದು ತುಂಬ ಕಷ್ಟ, ಮಾನ್ಯರೇ. ನನಗೆ ಅಳು ಬರುತ್ತದೆ ಎಂದು ಇಲ್ಲಿ ಬರೆದರೆ ಸೈಕಲ್ ಅಂಗಡಿಯವನು ಓದಿ ನಗುತ್ತಾನೆ, ಆದರೂ ಬರೆದಿದ್ದೇನೆ.

ಹಾಗೆಂದೇ ತಮಗೆ ಮೊದಲ ದೂರನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟೆ. ಅದನ್ನು ಒಪ್ಪಿ ಮರುಎಣಿಕೆ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸಲು ತಾವು ದೊಡ್ಡ ಮನಸ್ಸು ಮಾಡಿ ಸಭೆ ಕರೆದಿರಿ. ಅದೇ ಬೆಡ್‌ಶೀಟು, ಅದೇ ಹಗ್ಗ. ನಾನು ಅದೇ ಮೂಲೆಯಲ್ಲಿ ಎರಡನೆಯ ಕೋಟು ಹಚ್ಚುತ್ತಿದ್ದೆ. ಈ ಸಲ ಜಾಗ್ರತೆಯಾಗಿರಬೇಕೆಂದು ಅಕ್ಕನ ಮೇಲೆ ಆಣೆ ಮಾಡಿಕೊಂಡು ಬಂದಿದ್ದೆ. ಕಾರ್ಯದರ್ಶಿಯವರು ಕನ್ನಡಕ ತೆಗೆದರೆಂದು ಗೊತ್ತಾದ ತಕ್ಷಣ ಬ್ರಶ್ ಕೆಳಗಿಟ್ಟು, ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ, ಉಸಿರು ಬಿಗಿಹಿಡಿದು ನಿಂತೆ. ನನ್ನ ದೂರಿನ ಪರವಾಗಿ ಎಂಟು ಕೈ ಬಂದವು. ವಿರುದ್ಧ ಎಂಟು. ಕಾರ್ಯದರ್ಶಿಯವರು ಪರದೆಯ ಮೇಲಂಚನ್ನು ನೋಡುತ್ತ ಒಂದು ನಿಮಿಷ ಕಾದರು, "ಎತ್ತರದ ಸದಸ್ಯರು ಬಂದಿಲ್ವೇ?" ಎಂದು ಕರೆದೂ ಕರೆದರು. ನಾನು ಜೇಬಿನೊಳಗೆ ಮುಷ್ಟಿ ಇನ್ನಷ್ಟು ಬಿಗಿ ಮಾಡಿದೆ. ಆರನೆಯ ಕಲಮು ಅಭ್ಯರ್ಥಿಗಳಿಗಷ್ಟೇ ಅಂತೆ, ಬೆಂಬಲದ ಕೊರತೆಯಿಂದ ದೂರು ಬಿದ್ದುಹೋಯಿತು. ಹೊರಗೆ ಹೋಗುವಾಗ ಕಾರ್ಯದರ್ಶಿಯವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಒಂದು ಕೈ ಎತ್ತಿದ್ರೆ ಆಗೋಗ್ತಿತ್ತಲ್ಲ ಮಾರಾಯ್ರೇ" ಅಂದರು. ಅವರ ಮುಖ ನಿಜವಾಗಿಯೂ ಬಾಡಿತ್ತು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ನನ್ನ ಕೈಗೆ ಯಾವ ರಾಜಕೀಯ ಅಭಿಪ್ರಾಯವೂ ಇಲ್ಲವೆಂದು ಘಟಕ ಒಂದು ಠರಾವು ಮಾಡಬೇಕು. ಅದು ಆಗದಿದ್ದಲ್ಲಿ ಮಣಿಕಟ್ಟಿನವರೆಗಿನ ಭಾಗಕ್ಕೆ ಮಾತ್ರ ಸದಸ್ಯತ್ವ ಕೊಟ್ಟು, ಉಳಿದ ನನ್ನನ್ನು ಬಿಟ್ಟುಕೊಡಬೇಕು. ಕೈ ತಮ್ಮ ಸಭೆಗಳಿಗೆ ಬರಲಿ, ನಾನು ಅಕ್ಕನ ಮನೆಗೆ ಊಟಕ್ಕೆ ಹೋಗುತ್ತೇನೆ. ಕೈಯ ಮತ ಸಿಂಧುವಾದರೆ ಅದರಲ್ಲಿದ್ದ ಬ್ರಶ್ಶಿನದೂ ಸಿಂಧುವಾಗಬೇಕು. ಅದನ್ನು ಅಕ್ಕನೇ ಕೊಡಿಸಿದ್ದರಿಂದ ಅದು ಅವಳ ಕಡೆಯದು. ಹಾಗೂ ಹೀಗೂ ಎಂಟಕ್ಕೆ ಒಂಬತ್ತೇ ಇರಲಿ ಎನ್ನುವುದಾದರೆ, ಕಾರ್ಯದರ್ಶಿಯವರು ಬರೆದಂತೆ ನಾನು ಎತ್ತರದವನಾಗುವ ಏರ್ಪಾಡನ್ನಾದರೂ ಪಕ್ಷದ ವತಿಯಿಂದ ಮಾಡಿಸಿಕೊಡಬೇಕು. ಏಣಿಯ ಕೆಲಸ ಕಡಿಮೆಯಾಗುತ್ತದೆ.

ಚಾವಣಿಯ ಕೆಲಸ ಮುಗಿದಿದೆಯೆಂದು ತಿಳಿಸಲು ಹರ್ಷಿಸುತ್ತೇನೆ, ತಮ್ಮ ಕುರ್ಚಿಯ ನೇರ ಮೇಲೆ ಒಂದು ತಟ್ಟೆಯಷ್ಟು ಜಾಗ ಬಿಟ್ಟು. ಅಲ್ಲಿಗೆ ಬ್ರಶ್ ಮುಟ್ಟಿಸಬೇಕಾದರೆ ಕೈ ಎತ್ತಬೇಕು, ಮತ್ತು ಈಗ ನಾನು ಅಜೆಂಡಾ ಏನೆಂದು ಬರವಣಿಗೆಯಲ್ಲಿ ತಿಳಿಯದೆ ಕೈ ಎತ್ತುವುದಿಲ್ಲ. ಫೋಟೊಗೆ ಕೂರುವಾಗ ತಾವು ಸ್ವಲ್ಪ ಎಡಕ್ಕೆ ಸರಿದುಕೊಂಡರೆ ಕಾಣುವುದಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನನ್ನ ದೂರು ಬಿದ್ದುಹೋದ ಕಥೆಯನ್ನು ನಿನ್ನೆ ಭಾವ ಅಕ್ಕನಿಗೆ ಹೇಳಿದರು. ಜೇಬಿನಲ್ಲಿ ಕೈ ತುರುಕಿಕೊಂಡು ನಿಂತಿದ್ದೆ ಎಂಬಲ್ಲಿಗೆ ಬಂದಾಗ ಅಡುಗೆಮನೆಯಿಂದ ಒಂದು ಶಬ್ದ ಬಂತು. ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ಗೋಡೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಭಾವನ ಕಡೆ ನೋಡದೆ ನೇರ ನನಗೇ ಹೇಳಿದಳು: "ಬಾರೋ ಇಲ್ಲಿ. ಆ ಕೈನ ಒಂದ್ಸಲ ಸರಿಯಾದ ಕಡೆ ಇಡು." ಮೇಜಿನ ಮೇಲೆ ಒಂದು ಅರ್ಜಿ ಇತ್ತು. ನಾನು ಓದದೆ ಸಹಿ ಹಾಕಿದೆ. ಊಟ ಬಿಸಿಯಾಗಿತ್ತು.

ಪರದೆಯ ಆಚೆಯಿಂದ, ಎರಡೂ ಕೈ ಕೆಳಗಿಟ್ಟುಕೊಂಡು,

ತಮ್ಮ ವಿಶ್ವಾಸಿ,
ಎತ್ತರದ ಸದಸ್ಯ
(ಐದಡಿ ಮೂರಿಂಚು)

ತಾ.ಕ.: ಆ ಅರ್ಜಿ, ಅಕ್ಕ ಪಕ್ಷೇತರಳಾಗಿ ನಿಲ್ಲುವ ನಾಮಪತ್ರ. ಅದಕ್ಕೆ ಹತ್ತು ಜನ ಸೂಚಕರ ಸಹಿ ಬೇಕು, ಹತ್ತೂ ಆಗಿವೆ. ಒಂದು ನನ್ನದು. ಎಂಟು, ಎರಡೂ ಸಭೆಗಳಲ್ಲಿ ಅವಳ ಪರ ಎದ್ದ ಎಂಟು ಕೈಗಳವು. ಹತ್ತನೆಯದು ಪರದೆಯ ಈಚೆ ಬದಿಯಿಂದ ಬಂದಿದೆ. ಅಲ್ಲಿ ಕೂರುವವರು ತಾವಿಬ್ಬರೇ, ಮತ್ತು ಅದು ತಮ್ಮದಲ್ಲವೆಂದು ತಮಗೆ ಗೊತ್ತೇ ಇದೆ. ಸಹಿ ಹಾಕುವಾಗ ಅವರು ಕನ್ನಡಕ ಹಾಕಿಕೊಂಡಿದ್ದರು.