ನಾಲ್ಕು ದಾರಿಯಲ್ಲಿ ಚೆಲ್ಲಿದ ಚರಟ

ಕಷಾಯ ಕುಡಿಯುವುದು ಗೆಂಗ್ ಷೌಷಾನನಿಗೆ ಕಷ್ಟವಾಗಿರಲಿಲ್ಲ. ಅದರ ಚರಟ ಚೆಲ್ಲುವುದೇ ಫಜೀತಿಯಾಯಿತು.

"ಮೋರಿಗೆ ಸುರೀಬೇಡಿ. ನಾಲ್ಕು ದಾರಿ ಕೂಡೋ ಕಡೆ ಚೆಲ್ಲಿ. ಓಡಾಡೋರು ತುಳಿದ್ರೆ ರೋಗ ಅವರ ಕಾಲಿಗಂಟಿ ಹೋಗತ್ತೆ," ಎಂದು ಹೆಂಡತಿ ರುಯ್‌ಲಾನ್ ಮಣ್ಣಿನ ಗಡಿಗೆಯನ್ನು ಕೈಗೆ ತುರುಕಿದಳು.

"ಹುಲ್ಲು ಬೇಯಿಸಿ ಕುಡಿದ್ರೆ ಎದೆಯ ಕ್ಯಾನ್ಸರ್ ಹರಡೋದು ನಿಲ್ಲತ್ತೇನೇ?"

"'ನಿಲ್ಲಬಹುದು' ಅಂದ್ರಲ್ಲ ಪಂಡಿತರು."

"ಗಂಟು ಕುಯ್ದ ಡಾಕ್ಟರೂ 'ಬಹುದು' ಅಂದ. ನನ್ನ ಶ್ವಾಸಕೋಶಾನ ಇಬ್ಬರು 'ಬಹುದು'ಗಳು ಪಾಲು ಮಾಡ್ಕೊಂಡ್ರಲ್ಲೇ!"

ಗೆಂಗ್ ದುಡಿಯುತ್ತಿದ್ದ, ಕಲ್ನಾರಿನ (ಆಸ್ಬೆಸ್ಟಾಸ್) ತಗಡು ಮಾಡುವ ಕಾರ್ಖಾನೆಯ ವಸತಿ ಸಾಲಿನಲ್ಲಿ ಕೆಮ್ಮಬಹುದಿತ್ತು, ಕಾಯಿಲೆ ಬೀಳುವಂತಿರಲಿಲ್ಲ. ಕಾರ್ಖಾನೆಯ ವೈದ್ಯ ಯಾರ ಎದೆಯ ಚಿತ್ರ ನೋಡಿದರೂ "ಖಾರ ಕಡಿಮೆ ಮಾಡಿ" ಎನ್ನುತ್ತಿದ್ದ. ಅಷ್ಟಕ್ಕೂ ರೋಗವಿದೆ ಎಂದವರಿಗೆ ಮ್ಯಾನೇಜರ್ ಫೆಂಗ್ ವಿಶ್ರಾಂತಿ ಕೊಡುತ್ತಿದ್ದ: ಕೆಲಸದಿಂದಲೂ, ಮನೆಯಿಂದಲೂ.

ಹಾಗಾಗಿ ಗೆಂಗ್ ಕಳ್ಳಬೆಕ್ಕಿನಂತೆ ಹೋಗಿ, ಫೆಂಗ್ ನಡೆದು ಬರುವ ಜಾಗವನ್ನೇ ಆರಿಸಿ ಚರಟ ಕವುಚಿದ. ತಿರುಗಿ ನೋಡುವಷ್ಟರಲ್ಲಿ ಪಕ್ಕದ ಮನೆಯ ಬಿಯೆನ್ ಅಕ್ಕ ಅದನ್ನು ತುಳಿದಾಗಿತ್ತು. ಇಡೀ ಸಾಲಿಗೆ ತನ್ನನ್ನು ತಾನೇ ಪೊಲೀಸಾಗಿ ನೇಮಿಸಿಕೊಂಡ ಹೆಂಗಸು. ಕುಕ್ಕರಗಾಲಲ್ಲಿ ಕೂತು ತಿಪ್ಪೆ ಕೆದಕುವ ಕೋಳಿಯಂತೆ ಕೆದಕಿದಳು.

"ಗೆಂಗಣ್ಣ, ಇಲ್ನೋಡು! ಹಾವುನಾಲಿಗೆ ಸೊಪ್ಪು! ಇದನ್ನ ಶೀತಕ್ಕೆ ಯಾರೂ ಕುದಿಸಲ್ಲ, ಗಂಟಿಗೆ ಕುದಿಸ್ತಾರೆ. ಯಾವ ಪಾಪಿ ಇದನ್ನ ನಮ್ಮ ಕಾಲಿಗೆ ಹಾಕಿದ್ದು?"

ಜನ ಅದನ್ನೇ ತುಳಿಯುತ್ತ ಬಂದು ಸೇರಿದರು.

"ಥೂ, ಮಾನಗೆಟ್ಟೋನು!" ಎಂದು ಗೆಂಗ್ ತನ್ನನ್ನೇ ಉಗಿದುಕೊಂಡ. ಎಷ್ಟು ಮನಸಾರೆ ಉಗಿದನೆಂದರೆ, ಹುಡುಕುವ ತಂಡಕ್ಕೆ ಅವನನ್ನೇ ಮುಖಂಡನನ್ನಾಗಿ ಮಾಡಿದರು.

ಮನೆಮನೆಯ ಅಡುಗೆಮನೆಗೂ ಮೂಗು ತೂರಿಸಿದ್ದಾಯಿತು. ಎಲ್ಲೆಲ್ಲೂ ಒಣಮೆಣಸಿನಕಾಯಿ ಹುರಿದ ಘಾಟು. ರುಯ್‌ಲಾನಳೂ ಬಾಣಲೆಗೆ ಒಂದು ಹಿಡಿ ಎಸೆದಿದ್ದಳು. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಒಗ್ಗರಣೆಯ ಆಸೆ ಹುಟ್ಟುವುದೆಂದರೇನು? ಗೆಂಗನಿಗೆ ಗುಮಾನಿಯಾಯಿತು.

"ಅಕ್ಕ, ನಿಮ್ಮನೆ ಉಳೀತು."

"ನಮ್ಮನೇನಾ? ನಾನು ಹುಡುಕೋಳು ಕಣೋ!"

"ಅದಕ್ಕೇ ಅನುಮಾನ," ಎಂದು ಗೆಂಗ್ ಒಳನುಗ್ಗಿದ. ಮಂಚದಡಿ, ರಜಾಯಿ ಹೊದ್ದುಕೊಂಡು ಬೆಚ್ಚಗೆ ಕೂತಿತ್ತು ಒಂದು ಗಡಿಗೆ. ಮುಚ್ಚಳ ತೆಗೆದರೆ ಅದೇ ವಾಸನೆ.

ಬಿಯೆನ್ ಅಕ್ಕ ಕುಸಿದಳು. "ನಮ್ಮ ಯಜಮಾನರದು. ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡಿ."

ಹಿಂದಿನಿಂದ ಯಾರೋ ಗೊಣಗಿದರು: "ನಮ್ಮದು ಬಚ್ಚಲಲ್ಲಿದೆ."

"ನಮ್ಮದು ಅಕ್ಕಿ ಡಬ್ಬದ ಹಿಂದೆ."

"ದಾರೀಲಿ ಚೆಲ್ಲಿದ್ದು ನಾನೇ ಕಣ್ರೋ!" ಎಂದ ಗೆಂಗ್. ಎಲ್ಲರೂ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತಾಗ ಅವನ ಮುಖ ಕೆಂಪಾಗಿತ್ತು. "ಒಬ್ಬನ ಎದೆ ಕೆಟ್ರೆ ಖಾರ ಅನ್ಲಿ. ಸಾಲಿಗೆ ಸಾಲೇ ಕೆಟ್ರೆ? ಎತ್ತಿ ಗಡಿಗೆ, ನಡೀರಿ ಆಫೀಸಿಗೆ!"

ಮ್ಯಾನೇಜರ್ ಫೆಂಗ್ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಎಲ್ಲ ಕೇಳಿದ. ವೈದ್ಯನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಆಮೇಲೆ ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು, "ಆಯ್ತು, ರೋಗ ಇದೆ. ಒಪ್ಪಿದೆ," ಎಂದ.

ಕೆಟ್ಟ ಎದೆಗಳೆಲ್ಲ ಕೈಲಾದಷ್ಟು ಉಬ್ಬಿದವು.

"ಹೇಗೆ ಹರಡ್ತು ಅಂತಾನೂ ಗೊತ್ತಾಯ್ತು. ಚರಟ ಚೆಲ್ಲಿದೋನು ಗೆಂಗ್. ತುಳಿದೋರು ಕೈ ಎತ್ತಿ."

ಒಂದೊಂದಾಗಿ ಎಲ್ಲ ಕೈಗಳೂ ಮೇಲೆದ್ದವು.

"ಸಾಹೇಬ್ರೇ, ನಾನು ಚೆಲ್ಲಿದ್ದು ಇವತ್ತು ಬೆಳಿಗ್ಗೆ! ಇವರು ಕಷಾಯ ಕುದಿಸ್ತಿರೋದು ವರ್ಷದಿಂದ!"

"ಸಿಕ್ಕಿಬಿದ್ದಿದ್ದು ಇವತ್ತು," ಎಂದ ಫೆಂಗ್ ಜನರತ್ತ ತಿರುಗಿ. "ಕದ್ದು ಚೆಲ್ತಿರೋದು ಎಷ್ಟು ವರ್ಷದಿಂದಾನೋ!"

ಬಿಯೆನ್ ಅಕ್ಕ ಗೆಂಗನನ್ನು ಮೇಲಿಂದ ಕೆಳಗೆ ಅಳೆದಳು. "ಹೌದಲ್ವಾ! ಹೋದ ಚಳಿಗಾಲದಲ್ಲೂ ನಾನು ಅಲ್ಲೇ ಏನೋ ಮೆತ್ತಗಿದ್ದದ್ದು ತುಳಿದಿದ್ದೆ."

ಸಂಜೆಯ ಹೊತ್ತಿಗೆ ಗೆಂಗನಿಗೆ ವಿಶ್ರಾಂತಿ ದೊರೆಯಿತು. ನೆರೆಯವರು ಕಟುಕರಲ್ಲ. ಕೆಮ್ಮುತ್ತಲೇ ಬಂದು ಅವನ ಮಂಚ, ಪಾತ್ರೆಪಗಡೆಗಳನ್ನು ಬೀದಿಗೆ ತಂದಿಟ್ಟು, ಗಾಡಿಗೆ ಹೇರಿಕೊಟ್ಟರು. ಬಿಯೆನ್ ಅಕ್ಕ ಹಗ್ಗದ ಗಂಟನ್ನು ಎರಡು ಸಲ ಜಗ್ಗಿ ನೋಡಿದಳು.

"ಜೋಪಾನ ಗೆಂಗಣ್ಣ. ಹೋದ ಊರಲ್ಲಾದ್ರೂ ಇನ್ನೊಬ್ಬರ ಜೀವದ ಮೇಲೆ ಕನಿಕರ ಇರಲಿ."

ಅಷ್ಟರಲ್ಲಿ ರಾತ್ರಿ ಪಾಳಿಯ ಸೈರನ್ ಕೂಗಿತು. ತಡವಾದೀತೆಂದು ಎಲ್ಲರೂ ಕಾರ್ಖಾನೆಯ ಬಿಳಿ ದೂಳಿನೊಳಕ್ಕೆ ಓಡಿದರು.