ಹೆಣ್ಣು ನೋಡಲು ಹೋಗಿ ಸ್ಕ್ರೀನ್ ನೋಡಿದ್ದು

ಬಸವಕಲ್ಯಾಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ನಗುವಿಗಾಗಿ ಎಲ್ಲೂ ಹೋಗಬೇಕಾಗಿಲ್ಲ, ಅದೇ ಫೋನ್ ಮಾಡಿ ಕರೆಯುತ್ತದೆ. ಹಳೇ ಕಂಪ್ಯೂಟರ್ ಗುಜರಿಗೆ ಹಾಕಬೇಡಿ, ಲಿನಕ್ಸ್ ಅನ್ನೋ ತಂತ್ರಾಂಶ ಹಾಕಿಕೊಡ್ತೀನಿ, ಪುಕ್ಕಟೆ ಸಿಗುತ್ತೆ, ಹಗುರಾಗಿ ಓಡುತ್ತೆ ಅಂತ ಸುತ್ತಲಿನ ಊರಿಗೆಲ್ಲ ಸಾರಿಕೊಂಡು ಬಂದವನು ನಾನೇ. ಅಂದಿನಿಂದ ಬ್ರೌಸರಿನಲ್ಲಿ ಒಂದಕ್ಷರ ಓರೆಯಾಗಿ ಕಂಡರೂ "ನಿಮ್ಮ ಲಿನಕ್ಸ್ ಕೆಟ್ಟದ ನೋಡ್ರಿ" ಅಂತ ಫೋನು ಬರುತ್ತದೆ. ಬೈಗುಳಕ್ಕೆ ನಾನು ಹೆದರುವವನಲ್ಲ. ಆದರೆ ಒಂದು ಸಲ ಈ ಸ್ಕ್ರೀನಿನ ದೆಸೆಯಿಂದ ನನ್ನ ಲಗ್ನಕ್ಕೇ ಸಂಚಕಾರ ಬಂದಿತ್ತು. ಮೂವತ್ತು ದಾಟಿದ ಮಗನಿಗೆ ಹೆಣ್ಣು ಹುಡುಕಿ ಸುಸ್ತಾಗಿದ್ದ ಅವ್ವನ ಮುಂದೆಯೇ ಅದು ನಡೆಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಮೂರು ಬಿಳಿ ಗೆರೆ

ದಸರೆ ಮುಗಿದಿತ್ತು. ಹುಮನಾಬಾದಿನ ತೊಗರಿ ವ್ಯಾಪಾರಿಯೊಬ್ಬರ ಮುನೀಮರು ಫೋನ್ ಮಾಡಿದರು.

"ಬ್ರೌಸರ್‌ದಾಗ ಯಾವ ಪೇಜ್ ತೆಗೆದ್ರೂ ಮ್ಯಾಲ ಮೂರು ಬಿಳಿ ಗೆರಿ ಬರಾಕತ್ತಾವ್ರಿ. ಅಕ್ಷರ ಮುಚ್ಚಿ ಹೋಗ್ಯಾವ."

ಗ್ರಾಫಿಕ್ಸ್ ತೊಂದರೆ ಇರಬೇಕು ಅಂದುಕೊಂಡೆ. ಫೋನಿನಲ್ಲೇ ಬ್ರೌಸರ್ ಮುಚ್ಚಿಸಿ ತೆರೆಸಿದೆ, ಸೆಟ್ಟಿಂಗ್ ಬದಲಾಯಿಸಿದೆ, ಕೊನೆಗೆ ಇನ್ನೊಂದು ಬ್ರೌಸರನ್ನೇ ಹಾಕಿಸಿದೆ. ಜಪ್ಪಯ್ಯ ಅಂದರೂ ಗೆರೆ ಹೋಗಲಿಲ್ಲ.

"ಕಂಪ್ಯೂಟರ್ ಬಂದ್ ಮಾಡಿದ್ರೂ ಕಾಣ್ತಾವೇನ್ರಿ?"

"ಬಂದ್ ಮಾಡಿದ್ರ ಇನ್ನಾ ಸ್ವಚ್ಛ ಕಾಣ್ತಾವ್ರಿ."

ಬಸ್ಸು ಹತ್ತಿದೆ. ಹೋಗಿ ನೋಡಿದರೆ ಸ್ಕ್ರೀನಿನ ಮೇಲ್ಭಾಗದಲ್ಲಿ ಬೆರಳಗಲದ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಆಯುಧ ಪೂಜೆಯ ದಿನ ಸಾವ್ಕಾರರು ತಕ್ಕಡಿಗೆ ಹಚ್ಚಿದ ಕೈಯಲ್ಲೇ ಇದಕ್ಕೂ ಹಚ್ಚಿದ್ದರು.

"ಮುನೀಮರs, ಇದು ವಿಭೂತಿ ಅದಲ್ರೀ!"

"ವಿಭೂತಿ ಅಂತ ನನಗ ಗೊತ್ತಿಲ್ಲೇನ್ರಿ? ಸಾವ್ಕಾರ್ರು ಹಚ್ಚಿದ್ದು ನಾ ಹ್ಯಾಂಗ ಒರಸ್ಲಿ? ಅದಕ್ಕs ನಿಮ್ಮನ್ನ ಕರೆಸೀನಿ. ಒಳಗಿನ ಅಕ್ಷರ ಜರಾ ಕೆಳಗ ಸರಿಸಿ ಕೊಡ್ರಿ."

ಒರೆಸುವ ಧೈರ್ಯ ನನಗೂ ಬರಲಿಲ್ಲ. ಬ್ರೌಸರಿನ ಕಿಟಕಿಯನ್ನು ಚಿಕ್ಕದು ಮಾಡಿ ವಿಭೂತಿಯ ಕೆಳಗೆ ಕೂಡಿಸಿ ಬಂದೆ.

ಚಿಟಗುಪ್ಪದ ಫೋಟೋ

ಈ ಬಸ್ ಓಡಾಟ ಸಾಕಾಗಿ, ಇನ್ನು ಮುಂದೆ ಮೊದಲು ಫೋಟೋ ಕಳಿಸಬೇಕು ಅಂತ ಕಾಯಿದೆ ಮಾಡಿದೆ. ಚಿಟಗುಪ್ಪದ ಬೀಜದ ಅಂಗಡಿಯವರು ಬ್ರೌಸರ್ ಅರ್ಧವೇ ಕಾಣುತ್ತದೆ ಅಂದರು. "ಕಂಪ್ಯೂಟರಿಂದು ಒಂದು ಫೋಟೋ ಕಳಸ್ರಿ" ಅಂದೆ.

ಒಂದು ತಾಸಿನ ಮೇಲೆ ಫೋಟೋ ಬಂತು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ, ಹಣೆಗೆ ನಾಮ, ಎದೆ ಉಬ್ಬಿಸಿ ನಿಂತ ಅಂಗಡಿಯವರು. ಕಂಪ್ಯೂಟರಿನ ಸುಳಿವೇ ಇಲ್ಲ.

"ಕಂಪ್ಯೂಟರ್ ಎಲ್ಲದ್ರಿ?"

"ನನ್ನ ಹಿಂದs ಅದ ನೋಡ್ರಿ. ಫೋಟೋ ಚಲೋ ಬಂದದಿಲ್ಲೋ?"

ಬುತ್ತಿಯ ಹೊತ್ತು

ನಮ್ಮೂರಿನ ವಕೀಲರೊಬ್ಬರ ದೂರು ಬೇರೆ. ಬೆಳಿಗ್ಗೆ ಎಲ್ಲ ಸರಿ, ಮಧ್ಯಾಹ್ನವಾದರೆ ಬ್ರೌಸರಿನ ಅಕ್ಷರ ಉಬ್ಬುತ್ತವೆ. ಬಿಸಿಲಿಗೆ ಅಂತ ಅವರ ವಾದ. ಲಿನಕ್ಸಿಗೂ ಬಿಸಿಲಿಗೂ ಸಂಬಂಧವಿಲ್ಲ ಅಂತ ನನ್ನ ವಾದ. ಕಣ್ಣಾರೆ ನೋಡೋಣ ಅಂತ ಮಧ್ಯಾಹ್ನವೇ ಹೋಗಿ ಕೂತೆ.

ವಕೀಲರು ಬುತ್ತಿ ಬಿಚ್ಚಿದರು. ಮೇಜಿನ ತುಂಬ ಕಡತ, ಜಾಗವಿಲ್ಲ. ಡಬ್ಬಿ ಕೀಬೋರ್ಡಿನ ಮೂಲೆಯ ಮೇಲೆ ಕೂತಿತು, ಅಲ್ಲಿದ್ದ ಕಂಟ್ರೋಲ್ ಗುಂಡಿ ಅಮುಕಿತು. ಬಲಗೈಯಲ್ಲಿ ರೊಟ್ಟಿ ಮುರಿಯುತ್ತ ಎಡಗೈಯಲ್ಲಿ ಮೌಸಿನ ಗಾಲಿ ತಿರುಗಿಸಿದರು. ಅಕ್ಷರಗಳು ಕುಂಬಳಕಾಯಿ ಗಾತ್ರವಾದವು. ಆ ಗುಂಡಿ ಅಮುಕಿದ್ದಾಗ ಗಾಲಿ ತಿರುಗಿಸಿದರೆ ಅಕ್ಷರ ಉಬ್ಬುತ್ತವೆ ಅಂತ ಡಬ್ಬಿ ಎತ್ತಿ ತೋರಿಸಿದೆ.

"ಹಂಗಾದ್ರ ತಪ್ಪು ನಂದಲ್ಲ," ಅಂದರು ವಕೀಲರು. "ಈಟು ದೊಡ್ಡ ಡಬ್ಬಿ ಕಟ್ಟು ಅಂತ ನಮ್ಮನಿಯಾಕಿಗಿ ಯಾರ ಹೇಳ್ಯಾರ?"

ಸಂಜೆ ಅವರ ಹೆಂಡತಿಯ ಫೋನು ಬಂತು: "ಏನ್ರಿ, ನನ್ನ ಡಬ್ಬಿ ಮ್ಯಾಲ ಕೇಸ್ ಹಾಕೀರಂತ?"

ಹುಡುಗ ಎಲ್ಲಿ?

ಹುಮನಾಬಾದಿನ ಬಟ್ಟೆ ಅಂಗಡಿ ಸಾವ್ಕಾರರ ಮಗಳ ಸಂಬಂಧ ತಂದವಳು ನಮ್ಮ ಮೌಶಿ, ಅವ್ವನ ತಂಗಿ. ನನ್ನ ಫೋಟೋ ಮೊದಲೇ ಹೋಗಿತ್ತು, ಅವರ ಕಡೆಯವರಿಗೆ ಭಾಳ ಮನಸ್ಸಿಗೆ ಬಂದಿತ್ತು. ಫೋಟೋದಲ್ಲಿ ನೋಡಿದ ಹುಡುಗಿ ನನಗೂ ಹಿಡಿಸಿದ್ದಳು. ಇದೊಂದು ಕೂಡಿ ಬಂದರೆ ಸಾಕಪ್ಪ ಅಂತ ದಾರಿಯುದ್ದಕ್ಕೂ ಕೈಮುಗಿಯುತ್ತಿದ್ದ ಅವ್ವನ ಜೊತೆ, ಮೌಶಿಯ ಹಿಂದೆ, ಹೆಣ್ಣು ನೋಡಲು ಹೋದೆ.

ಬಾಗಿಲಲ್ಲಿ ಹುಡುಗಿಯ ಅಜ್ಜಿ ನಿಂತಿದ್ದರು. ಮನೆಯವರೆಲ್ಲ ಅವರಿಗೆ ಆಯಿ ಅನ್ನುತ್ತಾರೆ. ನಮ್ಮನ್ನು ಒಳಗೆ ಕರೆದವರು ಬೀದಿಯ ಕಡೆ ನೋಡುತ್ತಲೇ ಇದ್ದರು.

"ಹುಡುಗ ಹಿಂದಿನ ಬಸ್ಸಿಗಿ ಬರಾಕತ್ತಾನೇನ್ರಿ?"

"ಇವನs ಹುಡುಗ," ಅಂದಳು ಅವ್ವ.

ಆಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಗಾಳಿ ಬಂದರೆ ಕಂಬ ಹಿಡಿದುಕೊಳ್ಳುವ ಆಳು. "ಫೋಟೋದಾಗ ಉಂಡು ತಿಂದ ಮನಿ ಹುಡುಗ ಇದ್ದ. ಯಾರದೋ ಫೋಟೋ ಕಳಿಸಿ ಮೋಸ ಮಾಡೀರೇನು?"

ಮೌಶಿಯ ಮುಖ ಬಿಳಿಚಿತು. ಸಾವ್ಕಾರರು ನಮ್ಮನ್ನು ಕಂಪ್ಯೂಟರಿನ ಮುಂದೆ ಕರೆದೊಯ್ದು ಬ್ರೌಸರ್ ತೆರೆದರು. ಸ್ಕ್ರೀನಿನ ತುಂಬ ಗಲ್ಲ ಉಬ್ಬಿದ, ಭುಜ ಅಗಲವಾದ ಒಬ್ಬ ಪೈಲ್ವಾನ ನನ್ನದೇ ಅಂಗಿ ತೊಟ್ಟು ನಗುತ್ತಿದ್ದ.

"ಯವ್ವಾ, ಇವ ಯಾರ?" ಅಂದಳು ನನ್ನ ಹೆತ್ತವ್ವ.

ನಾನು ಹೆದರಿದ್ದು ನಿಜ. ಆದರೆ ಕಣ್ಣು ಕಸುಬಿನದು. ಆ ಕಂಪ್ಯೂಟರಿನಲ್ಲೂ ಲಿನಕ್ಸೇ ಇತ್ತು, ಯಾರೋ ಹೈದರಾಬಾದಿನಲ್ಲಿ ಹಾಕಿಕೊಟ್ಟದ್ದು. ಆಮೇಲೆ ಚೌಕ ಸ್ಕ್ರೀನ್ ತೆಗೆದು ಅಗಲ ಸ್ಕ್ರೀನ್ ತಂದವರು ಅದರ ಅಳತೆ ಬದಲಿಸಿರಲಿಲ್ಲ. ಎಲ್ಲವೂ ಅಡ್ಡಕ್ಕೆ ಎಳೆದುಕೊಂಡಿತ್ತು.

"ಸಾವ್ಕಾರ್ರ, ಸ್ಕ್ರೀನ್ ಅಳತಿ ತಪ್ಪ್ಯಾದ. ಬೇಕಾದ್ರ ನಿಮ್ಮ ಫೋಟೋ ತೆಗೆದು ನೋಡ್ರಿ."

ಸಾವ್ಕಾರರೂ ನನ್ನ ಹಾಗೆ ಕಡ್ಡಿಯೇ. ನನ್ನ ಫೋಟೋದ ಪಕ್ಕದಲ್ಲೇ ಅವರ ಫೋಟೋ ತೆರೆದರೆ ಗಾದಿ ತುಂಬ ಕೂತ ಧಣಿ! ಅವರು ಅದನ್ನು ಪ್ರೀತಿಯಿಂದ ನೋಡಿ, "ಇದು ಸರಿನೇ ಅದಲ್ಲ?" ಅಂದರು.

ನಾನು ಸೆಟ್ಟಿಂಗಿಗೆ ಹೋಗಿ ಸರಿಯಾದ ಅಳತೆ ಆರಿಸಿದೆ. ಎಲ್ಲರ ಕಣ್ಣೆದುರೇ ಧಣಿ ಕರಗಿದರು, ಪೈಲ್ವಾನನೂ ಕರಗಿದ. ಉಳಿದವನು ನಾನು.

"ನಿಂತ ಕಾಲ ಮ್ಯಾಲ ಈಟು ಸೊರಗಿದ್ರ," ಅಂದರು ಆಯಿ, "ಲಗ್ನದ ತನಕ ಏನ್ ಉಳೀತಾನ?"

ಚಹಾದ ತಾಟು ಹಿಡಿದು ನಿಂತಿದ್ದ ಹುಡುಗಿ ಆಗ ಬಾಯಿಬಿಟ್ಟಳು. "ಆಯಿ, ನಾ ಮೊಬೈಲ್‌ದಾಗ ಮೊದಲs ನೋಡೀನಿ. ಅವರು ಹಿಂಗs ಅದಾರ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ."

ಆಗ ನಾನು ಸ್ಕ್ರೀನ್ ಬಿಟ್ಟು ಹುಡುಗಿಯನ್ನು ನೋಡಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಯಿ ಗೊಣಗುತ್ತಲೇ ನನ್ನ ಕೈಗೆ ಎರಡು ಉಂಡಿ ಇಟ್ಟರು. ಅಂದರೆ ಒಪ್ಪಿಗೆ.

ಹೊರಡುವಾಗ ಸಾವ್ಕಾರರು ನನ್ನನ್ನು ಪಕ್ಕಕ್ಕೆ ಕರೆದರು. ಲಗ್ನದ ಮಾತು ಇರಬೇಕು ಅಂತ ಕೈಕಟ್ಟಿ ನಿಂತೆ.

"ಹುಡುಗ ಹ್ಯಾಂಗಿದ್ರೂ ನಡೀತದಪ್ಪ," ಅಂದರು ದನಿ ತಗ್ಗಿಸಿ. "ಆದ್ರ ಆ ಸ್ಕ್ರೀನ್ ಮಾತ್ರ ಮೊದಲಿದ್ದಂಗ ಮಾಡಿ ಹೋಗು."

ಮಾಡಿ ಹೋದೆ. ಗೊತ್ತಿದ್ದೂ ನಾನು ಕೆಡಿಸಿಟ್ಟ ಕಂಪ್ಯೂಟರ್ ಅದೊಂದೇ. ಈಗಲೂ ಮಾವನವರು ಮನೆಗೆ ಬಂದವರಿಗೆಲ್ಲ ಅದರಲ್ಲೇ ನಮ್ಮ ಲಗ್ನದ ಫೋಟೋ ತೋರಿಸಿ ಹೇಳುತ್ತಾರೆ: "ಅಳಿಯಗ ನಮ್ಮನಿ ಊಟ ಹ್ಯಾಂಗ ಹಿಡಿಸ್ಯಾದ ನೋಡ್ರಿ!"