ಮೂರನೇ ಮಹಡಿಯ ಮಂಡಿನೋವು

ಇಷ್ಟೆಲ್ಲ ಆಗಿದ್ದು ರೇವಣಸಿದ್ದಪ್ಪನವರು ಬಾಲ್ಕನಿಯಲ್ಲಿ ನಿಂತು ಆಡಿದ ಒಂದೇ ಒಂದು ಮಾತಿನಿಂದ.

ಆರ್‌ಪಿಸಿ ಲೇಔಟಿನ ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ರೇವಣಸಿದ್ದಪ್ಪನವರ ಮನೆ ಮೂರನೇ ಮಹಡಿ. ಬಸ್ಸಿಳಿಯುವಾಗ ಜಾರಿ ಬಲಮಂಡಿಯ ಲಿಗಮೆಂಟ್ ಹರಿದುಕೊಂಡಿದ್ದರು. ಮೆಟ್ಟಿಲು ಇಳಿಯಲೇಕೂಡದು ಎಂದು ಡಾಕ್ಟರು ಹೇಳಿ ತಿಂಗಳ ಮೇಲಾಗಿತ್ತು. ಹೆಂಡತಿ ಗಿರಿಜಾದೇವಿ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಪಾರ್ಕಿನ ಗೆಳೆಯರು ಮೊದಮೊದಲು ಫೋನ್ ಮಾಡಿದರು, ಆಮೇಲೆ ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸಿದರು, ಈಗ ಹೂವೂ ಇಲ್ಲ. ಒಂದು ಹಾಲಿನ ಪ್ಯಾಕೆಟ್ ತರುವುದಕ್ಕೂ ತಾನು ಲಾಯಕ್ಕಿಲ್ಲ ಎನ್ನುವುದು ಅವರಿಗೆ ಮಂಡಿಗಿಂತ ಹೆಚ್ಚು ನೋಯುತ್ತಿತ್ತು.

ಆ ಬೆಳಿಗ್ಗೆ ಕೆಳಗೆ ನೀರು ಹಾಕುತ್ತಿದ್ದ ಮನೆ ಓನರ್ ಮುನಿತಾಯಮ್ಮ ತಲೆಯೆತ್ತಿ, “ಹೆಂಗಿದೀರಾ ಸಾ?” ಎಂದರು.

“ಸಾಕಾಗೋಗಿದೆ ಅಮ್ಮಾ. ಇಲ್ಲಿಂದ ಒಂದೇ ಸಲಕ್ಕೆ ಕೆಳಗೆ ಬಂದ್ಬಿಡೋಣ ಅನ್ನಿಸ್ತಿದೆ.”

ಮುನಿತಾಯಮ್ಮನ ಕೈಯಿಂದ ಪೈಪು ಬಿತ್ತು. ಕುಕ್ಕರಿನಂತೆ ಉಸಿರು ಬಿಡುತ್ತ ಮೂರೂ ಮಹಡಿ ಹತ್ತಿ ಬಂದವರೇ ಅವರನ್ನು ಒಳಗೆ ಕರೆದು ಕೂರಿಸಿ, ಬಾಲ್ಕನಿ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ನಾನು ಹೇಳಿದ್ದು ಮೆಟ್ಟಿಲಿಳಿದು ಬರೋದು ಅಮ್ಮಾ!”

“ಎಲ್ಲಾರೂ ಹಂಗೇ ಯೋಳೋದು. ಸುಮ್ಕೆ ಕೂತ್ಕಳಿ.”

ಕಾವಲಿಗೆ ಗಂಡ ಚಿಕ್ಕಣ್ಣನನ್ನು ಕಳಿಸಿದರು. ಚಿಕ್ಕಣ್ಣ ಎದುರಿಗೆ ಕೂತು, “ಜೀವ ದೊಡ್ದು ಸಾ” ಎಂದು ಶುರುಮಾಡಿದ. ಸ್ವಲ್ಪ ಹೊತ್ತಿಗೆ ತಾನೇ ಟವೆಲಿನಿಂದ ಕಣ್ಣೊರೆಸಿಕೊಂಡ. “ಹೊಲ ಎಲ್ಲಾ ಸೈಟಾದ್ವು. ಬಾಡ್ಗೆ ಬತ್ತದೆ, ಉಣ್ಣಕ್ಕೇನೂ ಕಮ್ಮಿ ಇಲ್ಲ. ಆದ್ರೆ ಬೆಳಿಗ್ಗೆ ಎದ್ರೆ ಕೈಗೆ ಕೆಲ್ಸಾನೇ ಇಲ್ವಲ್ಲ ಸಾ... ಯಾರ ತಾವ ಯೋಳ್ಕಳ್ಳಿ?”

ಎದ್ದು ಹೋಗಲು ಕಾಲಿಲ್ಲದ ರೇವಣಸಿದ್ದಪ್ಪ ಪೂರ್ತಿ ಕೇಳಿಸಿಕೊಂಡರು. “ನನಗೂ ಹಾಗೇ...” ಎಂದು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಣ್ಣ ಎದ್ದು, “ಎದೆ ಹಗುರಾಯ್ತು ಸಾ!” ಎಂದು ಹೊರಟೇಬಿಟ್ಟ.

ಮುಂದಿನ ಸರದಿ ಎರಡನೇ ಮಹಡಿಯ ಪಂಕಜಾ ಅವರದು. ಅವರು ಪಾರ್ಕಿನಲ್ಲಿ ನಗೆಕೂಟ ನಡೆಸುವವರು.

“ಏನು ಯೋಚನೆ ಸಾರ್ ಇದೆಲ್ಲ? ನಗಿ! ಕೈ ಮೇಲೆತ್ತಿ, ಹ್ಹಹ್ಹಹ್ಹಾ!”

ರೇವಣಸಿದ್ದಪ್ಪ ವಿಧೇಯರಾಗಿ ಕೈಯೆತ್ತಿ ನಕ್ಕರು. ಪಂಕಜಾ ಅವರ ನಗು ಅರ್ಧದಾರಿಯಲ್ಲಿ ಪಂಕ್ಚರಾಗಿ ಅಳುವಾಯಿತು. ಊರಿಗೆಲ್ಲ ನಗು ಹಂಚುವ ಅವರಿಗೆ ಮನೆಯಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ. ನಿದ್ದೆಯಂತೂ ಬರುತ್ತಲೇ ಇರಲಿಲ್ಲವಂತೆ. ಊಟದ ಹೊತ್ತು ಮೀರಿದರೂ ಮಾತು ಮುಗಿಯಲಿಲ್ಲ.

“ಅರ್ಧಕ್ಕೆ ಎದ್ದು ಹೋಗದೆ ಕೇಳಿಸ್ಕೊಂಡವರು ನೀವೊಬ್ರೇ ಸಾರ್” ಎಂದು ಕೊನೆಗೆ ಅವರು ಕೈಮುಗಿದು, ಕುಕ್ಕರ್ ಇಡಲು ಕೆಳಗೆ ಓಡಿದರು.

ಸಂಜೆ ಫಿಸಿಯೋಥೆರಪಿಯ ಯಶ್ವಂತ್ ಬಂದಾಗ ರೇವಣಸಿದ್ದಪ್ಪ ಹಿಂಡಿ ಒಣಹಾಕಿದ ಬಟ್ಟೆಯಂತೆ ದಿವಾನಿನ ಮೇಲೆ ಬಿದ್ದಿದ್ದರು. ಯಶ್ವಂತ್ ಮಂಡಿಯನ್ನು ಮಡಚಿ, ಬಿಡಿಸಿ, ಒತ್ತಿ ನೋಡಿದ.

“ಸೂಪರ್ ಸಾರ್! ನಾಳೆಯಿಂದ ನಿಧಾನಕ್ಕೆ ಮೆಟ್ಟಿಲು ಇಳೀಬಹುದು. ಪಾರ್ಕಿಗೂ ಹೋಗಿ.”

ರೇವಣಸಿದ್ದಪ್ಪನವರು ದಿವಾನಿನ ಮೇಲೆ ಎದ್ದು ಕೂತರು. ನಾಳೆ ಹಾಲು ತಾವೇ ತರಬಹುದು. ಸಂತೋಷ ತಡೆಯದೆ ಆ ಹುಡುಗನ ಕೈ ಹಿಡಿದುಕೊಂಡು, “ನೀವು ಚೆನ್ನಾಗಿರಬೇಕು ಕಣ್ರೀ. ಚೆನ್ನಾಗಿದೀರಾ ತಾನೆ?” ಎಂದುಬಿಟ್ಟರು.

ಬರೀ ಉಪಚಾರಕ್ಕೆ ಕೇಳಿದ ಮಾತು. ಆದರೆ ಯಶ್ವಂತನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಬ್ಯಾಗನ್ನು ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟ.

“ದಿನಾ ಎಲ್ರ ನೋವೂ ನಾನೇ ನೋಡ್ತೀನಿ ಸಾರ್. ನನಗೇನಾಗಿದೆ ಅಂತ ಯಾರೂ...”

ಅವನು ಮುಗಿಸುವ ಹೊತ್ತಿಗೆ ಬೀದಿದೀಪ ಹತ್ತಿತ್ತು. ಮುಖ ತೊಳೆದು ಬಂದಾಗ ಬಾಗಿಲಲ್ಲಿ ಮುನಿತಾಯಮ್ಮ, ಚಿಕ್ಕಣ್ಣ, ಪಂಕಜಾ ಮೂವರೂ ನಿಂತಿದ್ದರು.

“ಹೆಂಗೈತಪ್ಪ ಮಂಡಿ?” ಎಂದರು ಮುನಿತಾಯಮ್ಮ.

ಯಶ್ವಂತ್ ಅವರನ್ನು ನೋಡಿದ, ಮಂಡಿಯನ್ನು ನೋಡಿದ, ರೇವಣಸಿದ್ದಪ್ಪನವರ ಮುಖವನ್ನು ಮಾತ್ರ ನೋಡಲಿಲ್ಲ.

“ಇನ್ನೂ ಎರಡು ತಿಂಗಳು ಮೆಟ್ಟಿಲಿನ ಮಾತೇ ಎತ್ತಬೇಡಿ. ದಿನಾ ನಾನೇ ಬಂದು ನೋಡ್ಕೊಂಡು ಹೋಗ್ತೀನಿ.”

“ರೀ, ಈಗ ತಾನೆ...” ಎಂದು ರೇವಣಸಿದ್ದಪ್ಪ ಏಳಲು ಹೋದರು.

“ಏಳ್ಬೇಡಿ ಸಾ!” ಎಂದು ಚಿಕ್ಕಣ್ಣ ಅವರ ಭುಜ ಹಿಡಿದು ಕೂರಿಸಿದ. ಪಂಕಜಾ ಆಗಲೇ ಕುರ್ಚಿ ಎಳೆದುಕೊಂಡಿದ್ದರು.